ಕಣ್ಣಿಗೆ ಕಟ್ಟುವ ಪಾಠ, ಕೈಗೆ ಎಟುಕದ ಲೆಕ್ಕ

ಮಾರ್ಚ್ ತಿಂಗಳು ಸರ್ಕಾರಿ ಕಚೇರಿಗಳಲ್ಲಿ ಖರೀದಿಯ ತಿಂಗಳು. ವರ್ಷವಿಡೀ ನಿದ್ರಿಸುತ್ತಿದ್ದ ಅನುದಾನಗಳು ಕೊನೆಯ ಮೂರು ವಾರಗಳಲ್ಲಿ ಎಚ್ಚರಗೊಳ್ಳುತ್ತವೆ. ಹಣ ವಾಪಸಾದೀತೆಂಬ ಭಯದಲ್ಲಿ, ಯಾವುದು ಬೇಗ ಕೊಳ್ಳಲು ಸಿಗುತ್ತದೆಯೋ ಅದೇ ಅಗತ್ಯವೂ ಆಗಿಬಿಡುತ್ತದೆ. ಶಾಲೆಗಳ ಮಟ್ಟಿಗೆ ಅದು ಒಂದು ಕಾಲದಲ್ಲಿ ರೇಡಿಯೊ ಆಗಿತ್ತು, ಆಮೇಲೆ ಟಿ.ವಿ., ಕಂಪ್ಯೂಟರ್, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಟ್ಯಾಬ್. ಈಗ ಸರದಿ ವರ್ಚುವಲ್ ರಿಯಾಲಿಟಿಯದು. ನಗರದ ಖಾಸಗಿ ಶಾಲೆಗಳ ಪ್ರವೇಶದ ಜಾಹೀರಾತುಗಳಲ್ಲಿ ಈಜುಕೊಳ, ಹವಾನಿಯಂತ್ರಿತ ಬಸ್ಸುಗಳ ಸಾಲಿನಲ್ಲಿ ‘ವಿ.ಆರ್. ಲ್ಯಾಬ್’ ಕೂಡ ಸೇರಿಕೊಂಡಿದೆ. ಖಾಸಗಿ ಶಾಲೆಯಲ್ಲಿ ಇಂದು ಅಲಂಕಾರವಾಗಿ ಬಂದದ್ದು ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಯ ಹಕ್ಕೊತ್ತಾಯವಾಗಿ, ಅನಂತರ ಟೆಂಡರ್ ಆಗಿ ಬರುವುದು ನಮ್ಮಲ್ಲಿ ರೂಢಿ. ಆ ಟೆಂಡರ್ ಬರುವ ಮುನ್ನವೇ ಕೆಲವು ಮಾತುಗಳನ್ನು ಆಡುವುದು ಒಳ್ಳೆಯದು ಎಂಬ ಕಾರಣಕ್ಕೆ ಈ ಬರಹ.

ವಿಷಯ ಹೊಸತೆಂದು ಕಂಡರೂ ಅದಕ್ಕೆ ಅರವತ್ತು ವರ್ಷಗಳ ಇತಿಹಾಸವಿದೆ. ನೋಟ, ಸದ್ದು, ಕಂಪನ, ವಾಸನೆ ಎಲ್ಲವನ್ನೂ ಒಟ್ಟಿಗೆ ಉಣಬಡಿಸುವ ‘ಸೆನ್ಸೊರಾಮಾ’ ಎಂಬ ಯಂತ್ರಕ್ಕೆ ಅಮೆರಿಕದ ಮಾರ್ಟನ್ ಹೈಲಿಗ್ ಪೇಟೆಂಟ್ ಪಡೆದದ್ದು 1962ರಲ್ಲಿ. ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ 1968ರಲ್ಲಿ ತಲೆಗೆ ಧರಿಸುವ ಪರದೆಯನ್ನು ತೋರಿಸಿದಾಗ ಅದನ್ನು ಚಾವಣಿಯಿಂದ ಇಳಿಬಿಟ್ಟ ತೋಳಿಗೆ ಜೋಡಿಸಬೇಕಾಗಿತ್ತು. ‘ವರ್ಚುವಲ್ ರಿಯಾಲಿಟಿ’ ಎಂಬ ಮಾತನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಜರಾನ್ ಲೇನಿಯರ್. ಅಂದಿನಿಂದ ಇಂದಿನವರೆಗೆ ಬದಲಾದದ್ದು ಮುಖ್ಯವಾಗಿ ಬೆಲೆ ಮತ್ತು ತೂಕ. ಮೊಬೈಲ್ ಫೋನುಗಳಿಗೆಂದು ಕೋಟಿಗಟ್ಟಲೆ ತಯಾರಾದ ಪುಟ್ಟ ಪರದೆಗಳೂ ಚಲನೆಯನ್ನು ಗ್ರಹಿಸುವ ಬಿಲ್ಲೆಗಳೂ ಅಗ್ಗವಾದುದರಿಂದ ಈ ಕನ್ನಡಕವೂ ಅಗ್ಗವಾಯಿತು. 2014ರಲ್ಲಿ ಫೇಸ್‌ಬುಕ್ ಸಂಸ್ಥೆ ‘ಆಕ್ಯುಲಸ್’ ಕಂಪನಿಯನ್ನು ಸುಮಾರು 200 ಕೋಟಿ ಡಾಲರ್ ಕೊಟ್ಟು ಖರೀದಿಸಿದ ಮೇಲೆ ಈ ಉದ್ಯಮಕ್ಕೆ ಬಂಡವಾಳದ ಬಲವೂ ಬಂತು. ಕನ್ನಡದಲ್ಲಿ ಇದನ್ನು ಮಿಥ್ಯಾ ವಾಸ್ತವ ಎನ್ನುವವರಿದ್ದಾರೆ, ಕಲ್ಪಿತ ವಾಸ್ತವ ಎನ್ನುವವರೂ ಇದ್ದಾರೆ. ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತವನ್ನು ಶತಮಾನಗಳ ಕಾಲ ಚರ್ಚಿಸಿದ ನಾಡಿಗೆ ಒಂದು ಒಮ್ಮತದ ಪದ ಸಿಗದಿರುವುದು ಸೋಜಿಗ. ಅಲ್ಲಿಯವರೆಗೆ ಶಾಲಾ ಮಕ್ಕಳು ಹೇಳುವಂತೆ ‘ವಿ.ಆರ್.’ ಎಂದೇ ಕರೆಯೋಣ.

ಅದರ ಸೆಳೆತವನ್ನು ಅಲ್ಲಗಳೆಯುವವನು ನಾನಲ್ಲ. ಬೆಂಗಳೂರಿನ ಒಂದು ಶಾಲೆಯಲ್ಲಿ ಪರಿಚಿತರೊಬ್ಬರ ಆಹ್ವಾನದ ಮೇರೆಗೆ ಎಂಟನೇ ತರಗತಿಯ ವಿಜ್ಞಾನದ ಪಾಠವೊಂದನ್ನು ನೋಡಿದೆ. ಮಕ್ಕಳು ಕನ್ನಡಕ ಧರಿಸಿ ಮಿಡಿಯುವ ಹೃದಯದ ಒಳಗೆ ನಿಂತಿದ್ದರು. ಒಬ್ಬ ಹುಡುಗಿ ಕವಾಟವನ್ನು ಮುಟ್ಟಲೆಂದು ಗಾಳಿಯಲ್ಲಿ ಕೈ ಚಾಚಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ ‘ಅಯ್ಯೋ’ ಎಂದು ತಲೆ ಬಗ್ಗಿಸಿದ. ರಕ್ತದ ಪ್ರವಾಹ ಅವನ ಮೈಮೇಲೆ ಬಂದಂತಾಗಿರಬೇಕು. ನಂತರ ನಾನೂ ಹಾಕಿಕೊಂಡು ನೋಡಿದೆ. ಅರವತ್ತು ದಾಟಿದವನ ಹೃದಯವೂ ಕೊಂಚ ವೇಗವಾಗಿಯೇ ಮಿಡಿಯಿತು ಎಂದು ಹೇಳಲು ಸಂಕೋಚವಿಲ್ಲ. ಕನ್ನಡಕಗಳನ್ನು ತೆಗೆದಿಟ್ಟ ಮೇಲೆ ಶಿಕ್ಷಕಿ ಒಂದು ಪ್ರಶ್ನೆ ಕೇಳಿದರು: ‘ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ದಪ್ಪವಾಗಿರುವುದು ಏಕೆ?’ ಎದ್ದ ಕೈಗಳು ಎರಡು. ಆಗ ಆಕೆ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಎರಡು ಪಂಪುಗಳ ಚಿತ್ರ ಬರೆದರು. ಒಂದು ಪಕ್ಕದ ತೊಟ್ಟಿಗೆ ನೀರು ಹಾಯಿಸುವುದು, ಇನ್ನೊಂದು ನಾಲ್ಕನೇ ಮಹಡಿಯ ಟ್ಯಾಂಕಿಗೆ ನೀರು ಏರಿಸುವುದು. ಶ್ವಾಸಕೋಶ ಪಕ್ಕದಲ್ಲೇ ಇದೆ, ಆದರೆ ಎಡಗಡೆಯ ಕುಕ್ಷಿ ತಲೆಯಿಂದ ಪಾದದವರೆಗೆ ರಕ್ತ ನೂಕಬೇಕು. ತರಗತಿಗೆ ತರಗತಿಯೇ ತಲೆಯಾಡಿಸಿತು. ಗೋಡೆ ದಪ್ಪವಿದೆ ಎಂಬುದನ್ನು ಮಕ್ಕಳು ಕನ್ನಡಕದಲ್ಲಿ ಕಂಡಿದ್ದರು, ಯಾವ ಚಿತ್ರಪಟಕ್ಕಿಂತ ಚೆನ್ನಾಗಿಯೇ ಕಂಡಿದ್ದರು. ಏಕೆ ಎಂಬುದು ಮಾತ್ರ ಶಿಕ್ಷಕಿಯ ಸೀಮೆಸುಣ್ಣದಿಂದ ಬಂತು. ಆಕೆ ಇಲ್ಲದಿದ್ದರೆ ಆ ಅವಧಿ ಒಂದು ಉತ್ತಮ ಸಿನಿಮಾ ಆಗಿ ಮುಗಿಯುತ್ತಿತ್ತು.

ಸಂಶೋಧನೆಯ ಸಾಕ್ಷ್ಯವೂ ಸರಿಸುಮಾರು ಇದೇ ದಿಕ್ಕಿನಲ್ಲಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ಮಂದಿ ವೈದ್ಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಪ್ರಸಿದ್ಧವಾದುದು. ವಿ.ಆರ್. ಸಾಧನದಲ್ಲಿ ಮೊದಲೇ ಕೈ ಪಳಗಿಸಿಕೊಂಡವರು ಪಿತ್ತಕೋಶ ಬೇರ್ಪಡಿಸುವ ಕೆಲಸವನ್ನು ಇತರರಿಗಿಂತ ಶೇ 29ರಷ್ಟು ಬೇಗ ಮುಗಿಸಿದರು. ತರಬೇತಿ ಇಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಪಕ್ಕದ ಅಂಗಾಂಶವನ್ನು ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. ವಿಮಾನ ಚಾಲಕರಿಗೆ ನೆಲದ ಮೇಲೆಯೇ ತರಬೇತಿ ಕೊಡುವ ಪದ್ಧತಿ ಇದಕ್ಕಿಂತ ಎಷ್ಟೋ ದಶಕ ಹಳೆಯದು. ಕೈಯ ಕೌಶಲ ಬೇಕಾದಲ್ಲಿ, ತಪ್ಪಿದರೆ ಪ್ರಾಣ ಹೋಗುವಲ್ಲಿ, ನಿಜವಾದ ಅಭ್ಯಾಸ ದುಬಾರಿಯೋ ಅಪಾಯಕಾರಿಯೋ ಆದಲ್ಲಿ ಈ ಸಾಧನದ ಬೆಲೆ ನಿರ್ವಿವಾದ.

ತರಗತಿಯ ಪಾಠ ಬೇರೆಯೇ ಬಗೆಯದು. ಡೆನ್ಮಾರ್ಕಿನ ಮಕ್ರಾನ್‌ಸ್ಕಿ ಮತ್ತು ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮೊದಲಾದವರು 52 ಮಂದಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದೇ ಜೀವಶಾಸ್ತ್ರ ಪ್ರಯೋಗವನ್ನು ಕಂಪ್ಯೂಟರ್ ಪರದೆಯ ಮೇಲೂ ವಿ.ಆರ್. ಕನ್ನಡಕದಲ್ಲೂ ಮಾಡಿಸಿದರು. 2019ರ ಸಂಚಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧದ ಫಲಿತಾಂಶ ಹೀಗಿದೆ: ಕನ್ನಡಕ ಧರಿಸಿದಾಗ ‘ನಾನು ಅಲ್ಲಿಯೇ ಇದ್ದೆ’ ಎಂಬ ಅನುಭವ ಹೆಚ್ಚಾಗಿತ್ತು, ಕಲಿಕೆ ಕಡಿಮೆಯಾಗಿತ್ತು. ನಮ್ಮ ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸ್ವಲ್ಪವೇ. ಸುತ್ತಲೂ ಬೆರಗಿನ ಲೋಕ ತೆರೆದುಕೊಂಡರೆ ಆ ಅಲ್ಪ ಜಾಗವನ್ನೂ ಬೆರಗೇ ಆಕ್ರಮಿಸುತ್ತದೆ. ಜಾತ್ರೆಯಲ್ಲಿ ಮಗುವಿಗೆ ಮಗ್ಗಿ ಕಲಿಸಲು ಹೊರಟವರಿಗೆ ಇದು ಗೊತ್ತಿರುವ ಸಂಗತಿ. ಶಿಕ್ಷಣತಜ್ಞ ರಿಚರ್ಡ್ ಕ್ಲಾರ್ಕ್ 1983ರಲ್ಲೇ ಒಂದು ವಾದ ಮಂಡಿಸಿದ್ದರು. ದಿನಸಿ ಸಾಗಿಸುವ ಲಾರಿ ಬದಲಾದರೆ ಉಣ್ಣುವವರ ಪೌಷ್ಟಿಕತೆ ಬದಲಾಗದು, ಹಾಗೆಯೇ ಮಾಧ್ಯಮ ಬದಲಾದ ಮಾತ್ರಕ್ಕೆ ಕಲಿಕೆ ಬದಲಾಗದು ಎಂಬುದು ಅದರ ಸಾರ. ಅದು ತುಸು ಕಟುವಾಯಿತೆಂದು ನನ್ನ ಅಭಿಪ್ರಾಯ. ಹಾಲು ಸಾಗಿಸುವ ಲಾರಿಗೆ ಶೀತಲೀಕರಣ ಬೇಕೇ ಬೇಕು. ಆದರೆ ಲಾರಿ ಕೊಳ್ಳುವ ಮುಂಚೆ ಸಾಗಿಸಬೇಕಾದ ಸರಕು ಯಾವುದೆಂದು ಕೇಳುವುದು ಖರೀದಿ ಸಮಿತಿಯ ಕರ್ತವ್ಯ.

ಬೆಂಗಳೂರಿಗರಿಗೆ ಇದರ ಒಂದು ಹಳೆಯ ಮಾದರಿ ಪರಿಚಿತವೇ ಇದೆ. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯದ ಗುಮ್ಮಟದ ಕೆಳಗೆ ಕುಳಿತವರೆಲ್ಲರೂ ಒಂದರ್ಥದಲ್ಲಿ ವಿ.ಆರ್. ಅನುಭವಿಸಿದವರೇ. ದೀಪಗಳು ಆರಿ ಆಕಾಶ ತೆರೆದುಕೊಂಡಾಗ ಸಭಾಂಗಣದ ತುಂಬ ಮಕ್ಕಳ ‘ಓ’ ಎಂಬ ಉದ್ಗಾರ ಏಳುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಆದರೆ ಅಲ್ಲಿ ಆ ಆಕಾಶವನ್ನು ನೂರಾರು ಜನ ಒಟ್ಟಿಗೆ ನೋಡುತ್ತಾರೆ. ಸಪ್ತರ್ಷಿ ಮಂಡಲದಿಂದ ಧ್ರುವ ನಕ್ಷತ್ರಕ್ಕೆ ಗೆರೆ ಎಳೆದು ತೋರಿಸುವ ವಿವರಣೆ ಇರುತ್ತದೆ. ಪಕ್ಕದ ಗೆಳೆಯನ ಮೊಣಕೈ ತಿವಿದು ‘ಅದೇ ಅಲ್ವೇನೋ’ ಎಂದು ಕೇಳುವ ಅವಕಾಶ ಇರುತ್ತದೆ. ಕನ್ನಡಕ ಧರಿಸಿದ ಮಗು ಒಂಟಿ. ಅದು ಏನನ್ನು ನೋಡುತ್ತಿದೆ ಎಂಬುದು ಪಕ್ಕದವನಿಗೂ ಗೊತ್ತಾಗುವುದಿಲ್ಲ, ಬಹಳ ಸಲ ಶಿಕ್ಷಕರಿಗೂ ಗೊತ್ತಾಗುವುದಿಲ್ಲ. ಮೂವತ್ತು ಮಕ್ಕಳು ಮೂವತ್ತು ದಿಕ್ಕಿಗೆ ಮುಖ ಮಾಡಿ ನಿಂತ ಕೋಣೆಯನ್ನು ತರಗತಿ ಎನ್ನಬಹುದೇ ಎಂದು ನನಗೆ ಅಂದು ಅನ್ನಿಸಿದ್ದುಂಟು.

ಈ ಬಗೆಯ ಉತ್ಸಾಹದ ಅಲೆಗಳನ್ನು ನಮ್ಮ ದೇಶ ಹಲವು ಬಾರಿ ಕಂಡಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗ ಅವುಗಳಲ್ಲಿ ಅತ್ಯಂತ ಗಂಭೀರವಾದದ್ದು. ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹರಿದು ಬಂದವು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ, ಅದೂ ಆಯಾ ಭಾಷೆಯಲ್ಲೇ. ಏನು ತೋರಿಸಬೇಕು, ಯಾರಿಗೆ, ಅದರಿಂದ ಏನಾಯಿತು ಎಂಬುದನ್ನು ಅಳೆಯುವ ಸಮಾಜ ವಿಜ್ಞಾನಿಗಳ ತಂಡವನ್ನು ಪ್ರಯೋಗದ ಜೊತೆಯಲ್ಲೇ ಇರಿಸಿಕೊಂಡದ್ದು ಆ ಕಾಲದ ದೊಡ್ಡತನ. ಒಂದು ವರ್ಷ ಮುಗಿಯುತ್ತಲೇ ಉಪಗ್ರಹ ವಾಪಸು ಹೋಯಿತು. 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಗೆಂದು ‘ಕ್ಲಾಸ್’ ಯೋಜನೆ ಆರಂಭವಾಯಿತು, ಬ್ರಿಟನ್ನಿನ ‘ಬಿ.ಬಿ.ಸಿ. ಮೈಕ್ರೊ’ ಯಂತ್ರಗಳು ಬಂದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ‘ಎಜುಸ್ಯಾಟ್’ ಉಪಗ್ರಹ ಹಾರಿತು. ನಮ್ಮ ರಾಜ್ಯದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಅದರ ಆರಂಭದ ಪ್ರಯೋಗಗಳಿಗೆ ಒಳಪಟ್ಟವು. 2010ರಲ್ಲಿ ಅದರ ಸೇವೆ ಮುಗಿಯಿತು. ಇವು ಯಾವುವೂ ವ್ಯರ್ಥವೆಂದು ನಾನು ಹೇಳಲಾರೆ. ಪ್ರತಿಯೊಂದರಲ್ಲೂ ಯಂತ್ರ ಬಂದ ದಿನದ ಬಗ್ಗೆ ಇದ್ದ ಆಸಕ್ತಿ, ಯಂತ್ರ ಕೆಟ್ಟ ದಿನದ ಬಗ್ಗೆ ಇರಲಿಲ್ಲ ಎಂಬುದಷ್ಟೇ ನನ್ನ ದೂರು.

ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯ ಶಾಲೆಗಳ ತಪಾಸಣೆಗೆ ಹೋಗಿದ್ದೆ. ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಕೊಠಡಿಗೆ ಬೀಗ. ಬೀಗದ ಕೈ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ, ಬೀರುವಿನ ಕೀಲಿ ಅವರ ಮನೆಯಲ್ಲಿ. ಒಂದು ಗಂಟೆಯ ಬಳಿಕ ಬಾಗಿಲು ತೆರೆದಾಗ ಹತ್ತು ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯೊಳಗೆ ಹೊಚ್ಚ ಹೊಸದಾಗಿ ಕುಳಿತಿದ್ದವು. ಮುಖ್ಯೋಪಾಧ್ಯಾಯರು ಸಜ್ಜನರು. ‘ಸರ್, ಒಂದು ಕಳುವಾದರೆ, ಒಂದು ಕೆಟ್ಟರೆ, ಆಡಿಟ್‌ನವರು ನನ್ನ ಪಿಂಚಣಿಯಿಂದ ವಸೂಲಿ ಮಾಡಬೇಕೆಂದು ಬರೆಯುತ್ತಾರೆ. ಮಕ್ಕಳು ಮುಟ್ಟದಿದ್ದರೆ ಯಾರೂ ಏನೂ ಬರೆಯುವುದಿಲ್ಲ’ ಎಂದರು. ಅವರ ತರ್ಕದಲ್ಲಿ ದೋಷವಿರಲಿಲ್ಲ; ದಾಸ್ತಾನು ವಹಿಯನ್ನು ಮಾತ್ರ ನೋಡಿ ಬಳಕೆಯನ್ನು ನೋಡದ ನಮ್ಮ ನಿಯಮಗಳಲ್ಲಿ ಇತ್ತು. ಯಂತ್ರವನ್ನು ಬಳಸಿ ಸವೆಸಿದವನಿಗೆ ಶಿಕ್ಷೆ, ಬೀಗ ಹಾಕಿಟ್ಟವನಿಗೆ ರಕ್ಷೆ. ಈ ನಿಯಮ ಬದಲಾಗದೆ, ಕಂಪ್ಯೂಟರಿಗಿಂತ ನಾಜೂಕಾದ, ಜೋಳಿಗೆಯಲ್ಲಿ ಹಾಕಿಕೊಂಡು ಹೋಗಬಹುದಾದ ಕನ್ನಡಕಗಳನ್ನು ಶಾಲೆಗೆ ಕಳಿಸಿದರೆ ಅವು ಎಲ್ಲಿರುತ್ತವೆ ಎಂದು ಊಹಿಸುವುದು ಕಷ್ಟವಲ್ಲ.

ಕೆಡುವುದು ಯಂತ್ರ ಮಾತ್ರ ಎಂದೂ ತಿಳಿಯಬೇಕಾಗಿಲ್ಲ. ಗೂಗಲ್ ಸಂಸ್ಥೆ 2014ರಲ್ಲಿ ರಟ್ಟಿನ ‘ಕಾರ್ಡ್‌ಬೋರ್ಡ್’ ಕನ್ನಡಕವನ್ನು ಬಿಡುಗಡೆ ಮಾಡಿತು. ಫೋನನ್ನು ಅದರೊಳಗೆ ಸಿಕ್ಕಿಸಿದರೆ ಕೆಲವೇ ನೂರು ರೂಪಾಯಿಯಲ್ಲಿ ವಿ.ಆರ್. ಸಿದ್ಧ. ಮರುವರ್ಷ ಶಾಲೆಗಳಿಗೆಂದು ‘ಎಕ್ಸ್‌ಪೆಡಿಷನ್ಸ್’ ಎಂಬ ಯೋಜನೆ ಬಂತು. ಶಿಕ್ಷಕರ ಕೈಯಲ್ಲೊಂದು ಟ್ಯಾಬ್, ಮಕ್ಕಳ ಕಣ್ಣಿಗೆ ಈ ರಟ್ಟಿನ ಡಬ್ಬಿ. ತರಗತಿಯಲ್ಲೇ ಕುಳಿತು ಹವಳದ ದಿಬ್ಬಗಳಿಗೋ ಮಂಗಳ ಗ್ರಹಕ್ಕೋ ಪ್ರವಾಸ. ನನ್ನ ದೃಷ್ಟಿಯಲ್ಲಿ ಈವರೆಗೆ ಬಂದವುಗಳಲ್ಲಿ ಬಡ ಶಾಲೆಗಳಿಗೆ ಅತ್ಯಂತ ಹೊಂದುವ ಕಲ್ಪನೆ ಅದು. ಏಕೆಂದರೆ ಅದರಲ್ಲಿ ಶಿಕ್ಷಕರೇ ಪ್ರವಾಸದ ಮಾರ್ಗದರ್ಶಿ. ಆದರೆ 2021ರಲ್ಲಿ ಗೂಗಲ್ ಮೊದಲು ಕಾರ್ಡ್‌ಬೋರ್ಡ್ ಮಾರಾಟವನ್ನು ನಿಲ್ಲಿಸಿತು, ಜೂನ್ ಅಂತ್ಯಕ್ಕೆ ಎಕ್ಸ್‌ಪೆಡಿಷನ್ಸ್ ತಂತ್ರಾಂಶವನ್ನೇ ಹಿಂತೆಗೆದುಕೊಂಡಿತು. ಅದನ್ನು ನಂಬಿ ಪಾಠ ಯೋಜನೆ ಬರೆದಿದ್ದ ಶಿಕ್ಷಕರಿಗೆ ಉಳಿದದ್ದು ರಟ್ಟು. ಕಂಪನಿಯನ್ನು ದೂಷಿಸಿ ಫಲವಿಲ್ಲ. ಲಾಭವಿಲ್ಲದ ಅಂಗಡಿಯನ್ನು ಮುಚ್ಚುವುದು ವ್ಯಾಪಾರದ ಧರ್ಮ. ಆದರೆ ಪಠ್ಯಪುಸ್ತಕವೊಂದು ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಅದರ ಪ್ರಕಾಶಕ ದಿವಾಳಿಯಾದರೂ ಪುಸ್ತಕದ ಅಕ್ಷರಗಳು ಅಳಿಸಿಹೋಗುವುದಿಲ್ಲ.

ಇನ್ನು ಲೆಕ್ಕ. ಅರ್ಥಶಾಸ್ತ್ರ ಓದಿದವನ ದುರಭ್ಯಾಸವೆಂದು ಓದುಗರು ಕ್ಷಮಿಸಬೇಕು. ಮುನ್ನೂರು ಮಕ್ಕಳ ಒಂದು ಶಾಲೆಗೆ ತಲಾ 40 ಸಾವಿರ ರೂಪಾಯಿಯ 30 ಕನ್ನಡಕಗಳನ್ನು ಕೊಟ್ಟೆವು ಎಂದು ಭಾವಿಸೋಣ. ಒಟ್ಟು 12 ಲಕ್ಷ. ಮಕ್ಕಳ ಕೈಯಲ್ಲಿ ಅವು ಮೂರು ವರ್ಷ ಬಾಳಿದರೆ ವರ್ಷಕ್ಕೆ 4 ಲಕ್ಷ; ದುರಸ್ತಿ, ತಂತ್ರಾಂಶದ ಪರವಾನಗಿ, ಅಂತರ್ಜಾಲ, ವಿದ್ಯುತ್ ಎಂದು ಇನ್ನೊಂದು ಲಕ್ಷ. ಪ್ರತಿ ಮಗುವಿಗೆ ವಾರಕ್ಕೊಂದು ಅವಧಿ ಸಿಕ್ಕೀತು. ಕನ್ನಡಕ ಹಂಚಿ, ಪಟ್ಟಿ ಬಿಗಿಸಿ, ಕೆಟ್ಟು ನಿಂತದ್ದನ್ನು ಮತ್ತೆ ಚಾಲೂ ಮಾಡಿ, ಕೊನೆಗೆ ಒರೆಸಿ ವಾಪಸು ಇಡುವುದರಲ್ಲಿ ನಲವತ್ತು ನಿಮಿಷದ ಅವಧಿಯಲ್ಲಿ ನೋಟಕ್ಕೆ ಉಳಿಯುವುದು ಹದಿನೈದು ನಿಮಿಷ. ವರ್ಷಕ್ಕೆ 35 ವಾರ ಎಂದರೂ ಒಂದು ಮಗುವಿನ ಪಾಲಿಗೆ ಒಂಬತ್ತು ಗಂಟೆಗೂ ಕಡಿಮೆ. ಅಂದರೆ ಪ್ರತಿ ಮಗುವಿಗೆ ವರ್ಷಕ್ಕೆ ಸುಮಾರು 1,670 ರೂಪಾಯಿ, ಗಂಟೆಗೆ 190 ರೂಪಾಯಿ. ಬೆಲೆಯನ್ನು ಅರ್ಧಕ್ಕಿಳಿಸಿದರೂ ಚಿತ್ರ ಹೆಚ್ಚು ಬದಲಾಗುವುದಿಲ್ಲ. ಅದೇ ಐದು ಲಕ್ಷದಲ್ಲಿ, ತಿಂಗಳಿಗೆ 12 ಸಾವಿರದ ಆಸುಪಾಸಿನ ಗೌರವಧನಕ್ಕೆ ದುಡಿಯುವ ನಾಲ್ವರು ಅತಿಥಿ ಶಿಕ್ಷಕರನ್ನು ಹತ್ತು ತಿಂಗಳು ಇರಿಸಿಕೊಳ್ಳಬಹುದು. ಅಥವಾ ಇಡೀ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಬಾದಾಮಿಗೋ ಹಂಪಿಗೋ ಕರೆದೊಯ್ದು ತರಬಹುದು. ಅಲ್ಲಿನ ಬಂಡೆಗಳು ಮಧ್ಯಾಹ್ನ ಎಷ್ಟು ಕಾಯುತ್ತವೆ ಎಂಬುದನ್ನು ಯಾವ ಕನ್ನಡಕವೂ ಅಂಗಾಲಿಗೆ ತಿಳಿಸಲಾರದು. ಅವಕಾಶ ವೆಚ್ಚ ಎಂದು ನಾವು ಕರೆಯುವುದು ಇದನ್ನೇ. ಒಂದನ್ನು ಕೊಂಡಾಗ ಏನನ್ನು ಕಳೆದುಕೊಂಡೆವು ಎಂಬ ಅಂಕಣ ಟೆಂಡರ್ ಕಡತದಲ್ಲಿ ಇರುವುದಿಲ್ಲ.

ಆ ಅಂಕಣ ಏಕೆ ಬೇಕು ಎಂಬುದಕ್ಕೆ ದೇಶದ ಶಾಲೆಗಳ ಸ್ಥಿತಿಯನ್ನು ನೋಡಬೇಕು. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 48.8. ಕೇಂದ್ರ ಶಿಕ್ಷಣ ಸಚಿವಾಲಯದ 2023–24ರ ಅಂಕಿಅಂಶಗಳಂತೆ ಕಂಪ್ಯೂಟರ್ ಇದ್ದ ಶಾಲೆಗಳು ಶೇ 57ರಷ್ಟು, ಅಂತರ್ಜಾಲ ಸಂಪರ್ಕ ಇದ್ದವು ಶೇ 54ರಷ್ಟು. ಒಬ್ಬರೇ ಶಿಕ್ಷಕರಿರುವ ಶಾಲೆಗಳು ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಲ್ಲಿ ತಾನಾಗಿ ನೆನಪಾಗುತ್ತದೆ.

ಆದರೂ ಆ ಗಾದೆಯನ್ನು ಅಷ್ಟು ಸುಲಭವಾಗಿ ಪ್ರಯೋಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಸರ್ಕಾರಿ ಶಾಲೆಯ ಮಗುವಿಗೆ ಅಕ್ಷರ ಮತ್ತು ಅನ್ನ ಸಾಕು, ಬೆರಗು ಉಳ್ಳವರ ಮಕ್ಕಳಿಗಿರಲಿ ಎಂಬ ಅರ್ಥವೂ ಅದರೊಳಗೆ ಅಡಗಿದೆ. ಯಾದಗಿರಿ ಕಡೆಯ ಕೂಲಿಕಾರರ ಮಗಳು ಸಮುದ್ರವನ್ನು ಕಂಡಿರುವುದಿಲ್ಲ. ಬೆಂಗಳೂರಿನ ಖಾಸಗಿ ಶಾಲೆಯ ಮಗು ಗೋವಾದ ಕಡಲತೀರವನ್ನೂ ನೋಡಿ, ಕನ್ನಡಕದಲ್ಲಿ ಕಡಲಿನ ತಳವನ್ನೂ ನೋಡುತ್ತದೆ. ಬೆರಗು ಯಾರಿಗೆ ಹೆಚ್ಚು ಅಗತ್ಯ? ಅಕ್ಷರ ದಾಸೋಹದ ಬಿಸಿಯೂಟ ಬಂದಾಗಲೂ, ಸೈಕಲ್ ಬಂದಾಗಲೂ ‘ಮೊದಲು ಪಾಠ ಆಗಲಿ’ ಎಂದವರಿದ್ದರು. ಊಟಕ್ಕಾಗಿ ಮಕ್ಕಳು ಶಾಲೆಗೆ ಬಂದರು, ಸೈಕಲ್ ಸಿಕ್ಕಿದ್ದಕ್ಕೆ ಹೆಣ್ಣುಮಕ್ಕಳು ಪ್ರೌಢಶಾಲೆ ಬಿಡದೆ ಉಳಿದರು. ಹೀಗಾಗಿ ತಂತ್ರಜ್ಞಾನ ಬೇಡವೆನ್ನುವುದು ನನ್ನ ವಾದವಾಗಲಾರದು. ಯಾವ ತಂತ್ರಜ್ಞಾನ ಯಾರ ಕಲಿಕೆಯನ್ನು ಹೆಚ್ಚಿಸಿದೆ ಎಂದು ನೋಡಿದರೆ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ.

ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ವಡೋದರಾದ ನಗರಸಭೆ ಶಾಲೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಪ್ರಸ್ತುತ. ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ ಕಂಪ್ಯೂಟರಿನಲ್ಲಿ ಗಣಿತದ ಆಟ ಆಡಿದರು. ಆಟ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕಂತೆ ಕಠಿಣವಾಗುತ್ತಿತ್ತು. ಗಣಿತದ ಅಂಕಗಳು ಗಣನೀಯವಾಗಿ ಏರಿದವು. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಹೋದ್ಯೋಗಿಗಳು ಮಾಡಿದ, 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಮುನ್ನಡೆ ಕಂಡಿತು. ಅಲ್ಲಿಯೂ ತಂತ್ರಾಂಶ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಪಾಠ ಆರಂಭಿಸುತ್ತಿತ್ತು. ಎರಡೂ ಕಡೆ ಇದ್ದದ್ದು ಸಾಮಾನ್ಯ ಕಂಪ್ಯೂಟರ್ ಪರದೆ, ಮಗುವಿಗೆ ಅರ್ಥವಾಗುವ ಭಾಷೆ. ಇದಕ್ಕೆ ವಿರುದ್ಧವಾಗಿ ಪೆರು ದೇಶ ಮಕ್ಕಳಿಗೆ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಮೌಲ್ಯಮಾಪನಕ್ಕೆ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಪರಿಣಾಮವೇನೂ ಕಾಣಲಿಲ್ಲ. ಯಂತ್ರದ ಮಾತು ಬಿಡಿ, ಪುಸ್ತಕದ ಕಥೆಯೂ ಅಷ್ಟೆ. ಕೀನ್ಯಾದ ಹಳ್ಳಿ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟಾಗ ಸರಾಸರಿ ಅಂಕ ಏರಲೇ ಇಲ್ಲ ಎಂದು ಮೈಕೆಲ್ ಕ್ರೇಮರ್ ಮತ್ತು ಇತರರ 2009ರ ಅಧ್ಯಯನ ಹೇಳಿತು. ಲಾಭವಾದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಬಹುಪಾಲು ಮಕ್ಕಳಿಗೆ ಅದು ಮೂರನೇ ಭಾಷೆ.

ಕೀನ್ಯಾದ ಈ ಪಾಠವೇ ನನ್ನ ಮುಖ್ಯ ಆತಂಕ. ಬೆಂಗಳೂರಿನ ಆ ಶಾಲೆಯಲ್ಲಿ ಕನ್ನಡಕದೊಳಗಿನ ಹೃದಯ ಅಮೆರಿಕನ್ ಉಚ್ಚಾರದ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಆ ಮಕ್ಕಳಿಗೆ ಅದು ತೊಡಕಾಗಲಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ ಎಂಬ ಪದಗಳೇ ಮೊದಲ ಹೊರೆ; ಅದರ ಮೇಲೆ ಕನ್ನಡಕ ಬೇರೊಂದೇ ಪದಾವಳಿಯನ್ನು ಕಿವಿಗೆ ಸುರಿದರೆ ಉಳಿಯುವುದು ಬಣ್ಣ ಮಾತ್ರ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಪಾಠಗಳಲ್ಲಿ ಈಜಿಪ್ಟಿನ ಪಿರಮಿಡ್ ಇದೆ, ರೋಮ್ ಇದೆ, ಅಮೆಜಾನ್ ಕಾಡಿದೆ. ನಮ್ಮ ಏಳನೇ ತರಗತಿಯ ಮಗುವಿಗೆ ಐಹೊಳೆಯ ಗುಡಿಗಳ ನಡುವೆ ಓಡಾಡಿ ಕಟ್ಟಡ ಶೈಲಿ ಹೇಗೆ ಬದಲಾಯಿತೆಂದು ಕಾಣುವ, ಶರಾವತಿಯ ವಿದ್ಯುದಾಗಾರದೊಳಗೆ ಟರ್ಬೈನ್ ತಿರುಗುವುದನ್ನು ನೋಡುವ, ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿಯುವ ಪಾಠವನ್ನು ಯಾವ ವಿದೇಶಿ ಕಂಪನಿಯೂ ಮಾಡಿಕೊಡುವುದಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ‘ಇಂಡಿಯಾ ಡಿಜಿಟಲ್ ಹೆರಿಟೇಜ್’ ಯೋಜನೆಯಡಿ ಹಂಪಿಯನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸವನ್ನು ಕಳೆದ ದಶಕದಲ್ಲೇ ಮಾಡಿಸಿದೆ. ಸಾರ್ವಜನಿಕ ಹಣದಲ್ಲಿ ಆದ ಆ ಕೆಲಸ ಪಾಠದ ರೂಪದಲ್ಲಿ ಹೊಸಪೇಟೆಯ ಸರ್ಕಾರಿ ಶಾಲೆಗೆ ತಲುಪಬೇಕಾದದ್ದು ನ್ಯಾಯ. ಕನ್ನಡಕಕ್ಕಿಂತ ಮೊದಲು ಕನ್ನಡದ ಪಾಠ ಆಗಬೇಕು ಎಂದರೆ ಭಾಷಾಭಿಮಾನದ ಮಾತೆಂದು ಯಾರೂ ತಳ್ಳಿಹಾಕಬಾರದು.

ಕಣ್ಣಿನ ಮತ್ತು ಖಾಸಗಿತನದ ಪ್ರಶ್ನೆಗಳೂ ಇವೆ. ಕಣ್ಣಿನಿಂದ ಎರಡು ಅಂಗುಲ ದೂರದ ಪರದೆ ಮೈಲಿ ದೂರದ ಬೆಟ್ಟವನ್ನು ತೋರಿಸುವಾಗ ಕಣ್ಣು ಕೂಡುವ ದೂರಕ್ಕೂ ಮಸೂರ ಹೊಂದಿಕೊಳ್ಳುವ ದೂರಕ್ಕೂ ತಾಳೆಯಾಗುವುದಿಲ್ಲ. ತಲೆನೋವು, ವಾಕರಿಕೆ ಬರುವುದಕ್ಕೆ ಇದೂ ಒಂದು ಕಾರಣ. ಮೆಟಾ ಸಂಸ್ಥೆ ತನ್ನ ಸಾಧನವನ್ನು ಬಳಸಬಹುದಾದ ಕನಿಷ್ಠ ವಯಸ್ಸನ್ನು 13ರಲ್ಲಿ ಇರಿಸಿತ್ತು. 2023ರಲ್ಲಿ ಪೋಷಕರ ನಿಯಂತ್ರಣದ ಷರತ್ತಿನೊಡನೆ 10ಕ್ಕೆ ಇಳಿಸಿತು. ನಮ್ಮ ಪ್ರಾಥಮಿಕ ಶಾಲೆಗಳ ಬಹುಪಾಲು ಮಕ್ಕಳು ಆ ಮಿತಿಯ ಕೆಳಗೇ ಇದ್ದಾರೆ. ಖಾಸಗಿತನದ್ದು ಇನ್ನೂ ಸೂಕ್ಷ್ಮ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2020ರಲ್ಲಿ 511 ಮಂದಿಯ ತಲೆ ಮತ್ತು ಕೈಗಳ ಚಲನೆಯನ್ನು ಐದು ನಿಮಿಷಕ್ಕೂ ಕಡಿಮೆ ಅವಧಿ ದಾಖಲಿಸಿ, ಅಷ್ಟರಿಂದಲೇ ಶೇ 95ರಷ್ಟು ನಿಖರವಾಗಿ ವ್ಯಕ್ತಿಯನ್ನು ಗುರುತಿಸಬಹುದೆಂದು ತೋರಿಸಿದರು. ಹೆಬ್ಬೆಟ್ಟಿನ ಗುರುತಿನಂತೆ ನಾವು ತಲೆಯಾಡಿಸುವ ರೀತಿಯೂ ನಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಕಡ್ಡಾಯ ಮಾಡಿ, ಮಕ್ಕಳ ಚಲನವಲನದ ನಿಗಾವನ್ನು ನಿಷೇಧಿಸಿದೆ. 2025ರ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಕಲಿಕೆ ಮತ್ತು ಸುರಕ್ಷತೆಯ ಉದ್ದೇಶಕ್ಕೆ ಕೆಲವು ವಿನಾಯಿತಿ ಕೊಟ್ಟಿವೆ. ಆ ವಿನಾಯಿತಿಯ ಬಾಗಿಲಿನಿಂದ ಸರಬರಾಜುದಾರರೂ ಒಳಗೆ ಬರದಂತೆ ಕರಾರಿನಲ್ಲಿಯೇ ಬರೆದುಕೊಳ್ಳಬೇಕಾದವರು ಖರೀದಿಸುವ ಇಲಾಖೆಯವರು.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಕೈಯಲ್ಲಿ ಹಣವಿದ್ದರೆ ಮೊದಲ ಕಂತನ್ನು ಐ.ಟಿ.ಐ.ಗಳಿಗೂ ನರ್ಸಿಂಗ್ ಶಾಲೆಗಳಿಗೂ ಕೊಡುತ್ತಿದ್ದೆ. ಬೆಸುಗೆ ಕಲಿಯುವ ಹುಡುಗ ಸರಳು, ವಿದ್ಯುತ್, ಅನಿಲ ವ್ಯಯಿಸದೆ ಕೈ ಕುದುರಿಸಿಕೊಳ್ಳುವುದರಲ್ಲಿ ಉಳಿತಾಯವನ್ನು ಅಂಕಿಗಳಲ್ಲಿ ತೋರಿಸಬಹುದು. ಪ್ರೌಢಶಾಲೆಗಳಿಗೆ ಪ್ರತ್ಯೇಕ ಲ್ಯಾಬ್ ಬೇಡ. ಕುಪ್ಪಂನ ಆವರಣದಿಂದ ಹೊರಟ ಅಗಸ್ತ್ಯ ಪ್ರತಿಷ್ಠಾನದ ವಿಜ್ಞಾನ ವಾಹನಗಳು ಹಳ್ಳಿ ಹಳ್ಳಿಗೆ ಪ್ರಯೋಗದ ಪೆಟ್ಟಿಗೆಗಳನ್ನು ಹೊತ್ತು ತಿರುಗುತ್ತಿರುವುದು ನಮ್ಮ ಕಣ್ಣೆದುರಿನ ಮಾದರಿ. ತಾಲ್ಲೂಕಿಗೊಂದು ವಾಹನ, ಅದರಲ್ಲಿ ಹದಿನೈದು ಕನ್ನಡಕ, ಅವುಗಳ ಮರ್ಮ ಬಲ್ಲ ಒಬ್ಬ ತಂತ್ರಜ್ಞ; ಪಾಠ ಮಾತ್ರ ಆಯಾ ಶಾಲೆಯ ಶಿಕ್ಷಕರದೇ. ಇಬ್ಬರು ಮಕ್ಕಳಿಗೆ ಒಂದು ಕನ್ನಡಕ ಕೊಟ್ಟು, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ವಿವರಿಸಲು ಹೇಳಿದರೆ ಖರ್ಚೂ ಅರ್ಧ, ಭಾಷೆಯೂ ಬೆಳೆಯುತ್ತದೆ. ದಿನನಿತ್ಯದ ಪ್ರಯೋಗಗಳಿಗೆ ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ರೂಪಿಸಿದ ಆನ್‌ಲೈನ್ ಲ್ಯಾಬ್‌ಗಳಂಥವು ಮಾಮೂಲಿ ಪರದೆಯ ಮೇಲೆಯೇ ಲಭ್ಯ. ಇರುವ ಕಂಪ್ಯೂಟರಿನ ಹೊದಿಕೆ ತೆಗೆದರೆ ಸಾಕು. ನಿಜವಾದ ಪ್ರನಾಳಿಕೆ, ನಿಜವಾದ ಲಿಟ್ಮಸ್ ಕಾಗದದಿಂದ ಮಾಡಬಹುದಾದದ್ದನ್ನು ಕನ್ನಡಕದಲ್ಲಿ ಮಾಡಿಸುವುದನ್ನಂತೂ ಇಲಾಖೆ ಸುತ್ತೋಲೆ ಹೊರಡಿಸಿಯೇ ತಡೆಯಬೇಕು.

ಕರಾರಿನ ಷರತ್ತುಗಳ ಬಗ್ಗೆ ಒಂದು ಮಾತು. ಯಂತ್ರದ ಬೆಲೆಯನ್ನು ಒಮ್ಮೆಗೇ ಪಾವತಿಸದೆ, ಬಳಕೆಯ ಗಂಟೆಗಳ ಆಧಾರದ ಮೇಲೆ ಮೂರು ವರ್ಷಗಳಲ್ಲಿ ಪಾವತಿಸುವ ವ್ಯವಸ್ಥೆ ಬರಲಿ. ಕೆಟ್ಟು ನಿಂತ ದಿನಗಳಿಗೆ ದುಡ್ಡಿಲ್ಲ ಎಂದಾಗ ದುರಸ್ತಿಗಾರ ತಾನಾಗಿ ಬರುತ್ತಾನೆ. ಬಳಸಿ ಸವೆದ ಕನ್ನಡಕಕ್ಕೆ ಮುಖ್ಯೋಪಾಧ್ಯಾಯರು ಹೊಣೆಯಲ್ಲ ಎಂದು ಅದೇ ಆದೇಶದಲ್ಲಿ ಹೇಳಲಿ. ಪಾಠಗಳನ್ನು ರಾಜ್ಯದ ಡಿ.ಎಸ್.ಇ.ಆರ್.ಟಿ. ವಿಷಯ ಶಿಕ್ಷಕರನ್ನು ಕೂರಿಸಿ ಕನ್ನಡದಲ್ಲಿ ಮಾಡಿಸಲಿ, ಅವುಗಳ ಹಕ್ಕು ಸರ್ಕಾರದ್ದೇ ಆಗಿರಲಿ, ಯಾವ ಕಂಪನಿಯ ಯಂತ್ರದಲ್ಲಾದರೂ ನಡೆಯುವಂತಿರಲಿ. ಮತ್ತು ರಾಜ್ಯವ್ಯಾಪಿ ಟೆಂಡರಿಗೆ ಮೊದಲು ಎಂಬತ್ತು ಶಾಲೆಗಳನ್ನು ಚೀಟಿ ಎತ್ತಿ ಆರಿಸಿ, ನಲವತ್ತಕ್ಕೆ ಈ ಪಾಠ ಕೊಟ್ಟು, ನಲವತ್ತಕ್ಕೆ ಅಷ್ಟೇ ಹಣವನ್ನು ಶಿಕ್ಷಕರಿಗೂ ಪ್ರಯೋಗ ಸಾಮಗ್ರಿಗೂ ಕೊಟ್ಟು, ವರ್ಷದ ಕೊನೆಗೆ ಎರಡೂ ಕಡೆಯ ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಡಲಿ. ಎಡ ಹೃತ್ಕುಕ್ಷಿಯ ಗೋಡೆಯ ಪ್ರಶ್ನೆ ಅದರಲ್ಲಿ ಇರಲಿ. ಫಲಿತಾಂಶವನ್ನು ಟೆಂಡರ್ ಪ್ರಕಟಣೆಗೆ ಮುನ್ನ ವಿಧಾನಮಂಡಲದ ಮುಂದಿಡಲಿ. ಈ ಪ್ರಯೋಗಕ್ಕೆ ಬೇಕಾದ ಹಣ ರಾಜ್ಯದ ಶಿಕ್ಷಣ ಬಜೆಟ್ಟಿನಲ್ಲಿ ಕಣ್ಣಿಗೂ ಕಾಣದಷ್ಟು ಚಿಕ್ಕದು. ಬೇಕಾದ ಕಾಲ ಒಂದು ಶೈಕ್ಷಣಿಕ ವರ್ಷ.